ಅಪ್ಪ ಕಿಟಕಿ ಬಿಟ್ಟು ಏಳ್ತಿಲ್ಲ. ಮೈನಸ್ 18ರಲ್ಲಿ ಯಾವ ಜಾತ್ರೆಗೆ ಕರ್ಕೊಂಡು ಹೋಗ್ಲಿ?

ಮಂಡ್ಯದ ಕಬ್ಬು (ಕನಾಟಾ, ಒಟ್ಟಾವಾ) · ಜನವರಿ 27

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ನಮಗೆ ಮಗಳು ಹುಟ್ಟಿದ್ಲು. ಅತ್ತೆಯವರ ವೀಸಾ ತಡ ಆಯ್ತು, ಹಾಗಾಗಿ ಬಾಣಂತನಕ್ಕೆ ನಮ್ಮಮ್ಮನೇ ಬಂದ್ರು. ಅಮ್ಮನ ಜೊತೆ ಅಪ್ಪನೂ ಬಂದ್ರು. ಅಮ್ಮನಿಗೆ ಉಸಿರಾಡೋಕೂ ಪುರುಸೊತ್ತಿಲ್ಲ. ಎಣ್ಣೆ, ಬಿಸಿನೀರು, ಬಾಣಂತಿ ಖಾರ, ಸಾಂಬ್ರಾಣಿ. (ಸಾಂಬ್ರಾಣಿ ಹಾಕಿದ ಮೊದಲ ದಿನವೇ ಹೊಗೆ ಅಲಾರಂ ಕೂಗಿ ಪಕ್ಕದ ಮನೆಯವರೆಲ್ಲ ಈಚೆ ಬಂದಿದ್ರು, ಆ ಕಥೆ ಇನ್ನೊಂದ್ಸಲ.)

ಸಮಸ್ಯೆ ಅಪ್ಪಂದು. ನೀರಾವರಿ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿ ರಿಟೈರ್ ಆದವರು, ಅದೂ ವಿ.ಸಿ. ನಾಲೆ ಕಡೆ. ಬೆಳಗ್ಗೆ 5ಕ್ಕೆ ಎದ್ದು ಏರಿ ಮೇಲೆ ನಾಲ್ಕು ಮೈಲಿ ನಡೀತಿದ್ದ ಮನುಷ್ಯ. ಈಗ ಮಂಕಿ ಟೋಪಿ ಹಾಕ್ಕೊಂಡು ಹೀಟರ್ ಪಕ್ಕದ ಕಿಟಕಿ ಮುಂದೆ ಕೂತ್ರೆ ಊಟಕ್ಕೇ ಏಳೋದು. ಸ್ನೋ ತಳ್ಳೋ ಗಾಡಿ ದಿನಕ್ಕೆ ಎಷ್ಟು ಸಲ ಬಂತು ಅಂತ ಎಣಿಸ್ತಾರೆ. ನಾನು ಆಫೀಸಿಂದ ಬಂದ ತಕ್ಷಣ ವರದಿ: "ಇವತ್ತು ಮೂರ್ ಸಲ ಬಂದ ಕಣ್ಲಾ." ನೆನ್ನೆ ಕೇಳಿದ್ರು: "ಈ ಊರ್ನಲ್ಲಿ ಜನ ಅವ್ರೇನ್ಲಾ? ಬರೀ ಕಾರೇ ಓಡಾಡ್ತವೆ."

ನನಗೆ ಉತ್ತರ ಹೊಳೀಲಿಲ್ಲ. ಈ ವಾರ ವಿಂಟರ್‌ಲೂಡ್ (ಒಟ್ಟಾವಾದ ಚಳಿಗಾಲದ ಹಬ್ಬ) ಶುರು ಅಂತ ಆಫೀಸಲ್ಲಿ ಮಾತಾಡ್ಕೊಳ್ತಿದ್ರು. ನಾಲ್ಕು ವರ್ಷದಿಂದ ಇಲ್ಲಿದ್ದೀನಿ, ಒಂದ್ಸಲಾನೂ ಹೋಗಿಲ್ಲ. ಆ ಚಳೀಲಿ ಯಾರು ಹೋಗ್ತಾರೆ ಅನ್ಕೊಂಡಿದ್ದೆ. ಅಪ್ಪಂಗೆ 67, ಸ್ವಲ್ಪ ಬಿಪಿ ಇದೆ, ಬೇರೇನೂ ಇಲ್ಲ. ಕರ್ಕೊಂಡು ಹೋಗಬಹುದಾ? ಇಲ್ಲ, ಕ್ವಿಬೆಕ್ ಕಾರ್ನಿವಲ್ಲೇ ದೊಡ್ಡದು ಅಂತಾರಲ್ಲ, ಅಲ್ಲಿಗೇ ಹೋಗೋದು ವಾಸಿಯಾ?

---

ರಿಡೋ ದಂಡೆ (ಒಟ್ಟಾವಾ) · ಜನವರಿ 27

ಮೊದಲು ಅಭಿನಂದನೆ, ಆಮೇಲೆ ಬೈಗುಳ. ನಾಲ್ಕು ವರ್ಷ ಕನಾಟಾದಲ್ಲಿದ್ದು ರಿಡೋ ಕಾಲುವೆಗೆ ಇಳಿದಿಲ್ಲ ಅಂದ್ರೆ ಶ್ರೀರಂಗಪಟ್ಟಣದಲ್ಲಿ ಮನೆ ಮಾಡಿ ಕಾವೇರಿ ನೋಡಿಲ್ಲ ಅಂದ ಹಾಗಾಯ್ತು. (ಕರ್ನಾಟಕದಿಂದ ಕನಾಟಾಕ್ಕೆ ಬಂದವರು ದಾರೀಲಿ ಒಂದು ರಕಾರ, ಒಂದು ಕಕಾರ ಕಳ್ಕೊಂಡ್ರು ಅಂತ ನಾವು ಹಳಬರು ತಮಾಷೆ ಮಾಡ್ತಿದ್ವಿ.)

ನಿಮ್ಮ ತಂದೆ ನಾಲೆ ವಿಭಾಗದವರು ಅಂದ್ರಲ್ಲ, ಹಾಗಾದ್ರೆ ಕ್ವಿಬೆಕ್ಕು ಆಮೇಲೆ. ನಿಮ್ಮನೆಯಿಂದ ಅರ್ಧ ಗಂಟೆ ದೂರದಲ್ಲಿ 202 ಕಿ.ಮೀ. ನಾಲೆ ಇದೆ, ಅವರಿಗೆ ಅದನ್ನ ತೋರಿಸಿ. 1826ರಲ್ಲಿ ಶುರು ಮಾಡಿ 1832ರಲ್ಲಿ ಮುಗಿಸಿದ್ದು. ಕಟ್ಟಿಸಿದವರು ಲೆಫ್ಟಿನೆಂಟ್ ಕರ್ನಲ್ ಜಾನ್ ಬೈ. ಅಮೆರಿಕದವರು ಮತ್ತೆ ಯುದ್ಧಕ್ಕೆ ಬಂದ್ರೆ ಸೇಂಟ್ ಲಾರೆನ್ಸ್ ನದಿ ಬಿಟ್ಟು ಒಳದಾರಿಯಲ್ಲಿ ಕಿಂಗ್‌ಸ್ಟನ್‌ಗೆ ಸೈನ್ಯ, ಸಾಮಾನು ಸಾಗಿಸೋಕೆ ಅಂತ ತೋಡಿದ್ದು. ಯುದ್ಧ ಬರಲೇ ಇಲ್ಲ. ಪಾರ್ಲಿಮೆಂಟ್ ಪಕ್ಕದಲ್ಲೇ 8 ಲಾಕುಗಳು (ದೋಣಿ ಏರಿಸಿ ಇಳಿಸೋ ಗೇಟಿನ ಕಟ್ಟೆಗಳು) ಮೆಟ್ಟಿಲಿನ ಹಾಗೆ ಇಳೀತವೆ, ಅದರ ಗೇಟುಗಳನ್ನ ಇವತ್ತಿಗೂ ಕೈಯಲ್ಲೇ ತಿರುಗಿಸ್ತಾರೆ. 2007ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರ್ತು.

ಚಳಿಗಾಲದಲ್ಲಿ ಇದೇ ನಾಲೆ ರಸ್ತೆ ಆಗುತ್ತೆ. ಶರತ್ಕಾಲ ಮುಗಿಯುವಾಗ ನೀರಿನ ಮಟ್ಟ ಇಳಿಸ್ತಾರೆ, ಉಳಿದಿದ್ದು ಹೆಪ್ಪುಗಟ್ಟುತ್ತೆ. ನಗರದೊಳಗಿನ 7.8 ಕಿ.ಮೀ. ಉದ್ದಕ್ಕೆ ಜನ ಸ್ಕೇಟಿಂಗ್ ಮಾಡ್ತಾರೆ. 1970-71ರ ಚಳಿಗಾಲದಿಂದ ನಡ್ಕೊಂಡು ಬಂದಿದೆ. ಕೆಲವರು ಹೆಗಲಿಗೆ ಬ್ಯಾಗು ಹಾಕ್ಕೊಂಡು ಇದರ ಮೇಲೇ ಆಫೀಸಿಗೆ ಹೋಗ್ತಾರೆ. ಸುಮಾರು 30 ಸೆಂ.ಮೀ. ಗಟ್ಟಿ ಐಸ್ ಆಗೋವರೆಗೆ ಬಿಡಲ್ಲ. ಕೆಲಸದವರು ತೂತು ಕೊರೆದು ದಪ್ಪ ಅಳೀತಾರೆ. ರಾತ್ರಿ ಹೊತ್ತು ಕೆಳಗಿನ ನೀರನ್ನೇ ಪಂಪು ಮಾಡಿ ಮೇಲೆ ಹರಿಸಿ ಪದರ ಕಟ್ಟಿಸ್ತಾರೆ. ಹಸಿರು ಬಾವುಟ ಇದ್ರೆ ಇಳಿಯಬಹುದು, ಕೆಂಪು ಇದ್ರೆ ಮನೆಗೆ ಹೋಗಿ.

ಒಂದು ಮಾತು. "ಈ ವಾರ ಬೇಡ, ಮುಂದಿನ ವಾರ ನೋಡೋಣ" ಅನ್ನಬೇಡಿ. 2022-23ರ ಚಳಿಗಾಲ ಪೂರ್ತಿ ಕಾಲುವೆ ಒಂದು ದಿನವೂ ತೆರೀಲಿಲ್ಲ. ಶುರುವಾದಾಗಿನಿಂದ ಹಾಗಾಗಿದ್ದು ಅದೇ ಮೊದಲು. ಆ ವರ್ಷ ನಾನು ದಿನಾ ದಂಡೆ ಮೇಲೆ ಹೋಗಿ ನಿಂತು ಬರ್ತಿದ್ದೆ. ಐಸ್ ಇತ್ತು, ಆದರೆ ಹಳಸಿದ ಮೊಸರಿನ ಥರ ನೀರು ಬಿಟ್ಕೊಂಡಿತ್ತು.

ವಿಂಟರ್‌ಲೂಡ್ 1979ರಿಂದ ಇದೆ. ಸ್ಪಾರ್ಕ್ಸ್ ಸ್ಟ್ರೀಟಲ್ಲಿ ಐಸ್ ಕೆತ್ತನೆ, ನದಿ ಆಚೆ ಗಾಟಿನೋದ ಜಾಕ್ ಕಾರ್ಟಿಯೇ ಪಾರ್ಕಲ್ಲಿ ಮಕ್ಕಳಿಗೆ ಸ್ನೋ ಜಾರುಬಂಡೆ. ದುಡ್ಡು ಕೇಳಲ್ಲ. ನೋಡಿ, ಚೆನ್ನಾಗಿರುತ್ತೆ. ಆದರೆ ಅಪ್ಪನ್ನ ಮೊದಲು ನಾಲೆಗೆ ಇಳಿಸಿ.

---

ಅಜ್ಜಿಮನೆ (ಮಿಸಿಸಾಗಾ) · ಜನವರಿ 27

ಅಲ್ಲಪ್ಪಾ, ಮನೇಲಿ ಬಾಣಂತಿ, ಎಳೆಗೂಸು ಇಟ್ಕೊಂಡು ಎಂಟು ಗಂಟೆ ದಾರಿ ಕಾರ್ನಿವಲ್ಲಿಗೆ ಹೋಗೋ ಯೋಚನೆ ಮಾಡ್ತಿದ್ದೀಯಲ್ಲ!

---

ಮಂಡ್ಯದ ಕಬ್ಬು · ಜನವರಿ 27

ಆಂಟಿ, ಒಟ್ಟಾವಾದಿಂದ ಕ್ವಿಬೆಕ್ಕಿಗೆ ಐದೇ ಗಂಟೆ. ಎಂಟು ನಿಮ್ಮೂರಿಂದ.

---

ಅಜ್ಜಿಮನೆ · ಜನವರಿ 27

ಐದಾದ್ರೂ ಅಷ್ಟೇ. ನಾಲೆಗೆ ಹೋಗು, ಮಧ್ಯಾಹ್ನ ಹೋಗಿ ಸಂಜೆಗೆ ಬಾ. ಮಗು ಬೇಡ, ಸೊಸೆ ಬೇಡ, ಅಪ್ಪ ಮಗ ಇಬ್ಬರೇ. ಅಮ್ಮಂಗೂ ನಾಲ್ಕು ಗಂಟೆ "ಕಾಫಿ ಕೊಡು" ಅನ್ನೋ ಕಾಟ ತಪ್ಪುತ್ತೆ.

ಬಟ್ಟೆ ಕಥೆ ಹೇಳ್ತೀನಿ ಕೇಳು. ನಮ್ಮ ಮಾವನವರು ಬಂದಾಗ ಹತ್ತಿ ಕಾಲುಚೀಲ ಎರಡು ಜೊತೆ ಒಂದರ ಮೇಲೊಂದು ಹಾಕಿ ಬೂಟಿನೊಳಗೆ ತುರುಕಿದ್ವಿ, ಬೆಚ್ಚಗಿರುತ್ತೆ ಅಂತ. ಬೂಟು ಬಿಗಿಯಾಯ್ತು, ಹತ್ತಿ ಬೆವರು ಹೀರ್ಕೊಂಡು ಒದ್ದೆಯಾಯ್ತು, ಇಪ್ಪತ್ತು ನಿಮಿಷಕ್ಕೆ ಬೆರಳು ಮರಗಟ್ಟಿದ್ವು. ಉಣ್ಣೆ ಕಾಲುಚೀಲ ಒಂದೇ ಜೊತೆ, ಬೂಟು ಒಂದು ಸೈಜು ದೊಡ್ಡದು, ಒಳಗೆ ಬೆರಳಾಡೋಷ್ಟು ಜಾಗ ಇರಬೇಕು. ಮೈಗೆ ಅಂಟೋ ಥರ್ಮಲ್, ಅದರ ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯೋ ಜಾಕೆಟ್ಟು. ಮಂಕಿ ಟೋಪಿ ತೆಗೆಸಬೇಡ. ಇಲ್ಲಿಯವರು ಐವತ್ತು ಡಾಲರ್ ಕೊಟ್ಟು ತಗೊಳ್ಳೋದೂ ಅದನ್ನೇ, ಹೆಸರು ಬೇರೆ ಅಷ್ಟೆ. ಬೂಟಿಗೆ ತಗಲಿಸೋ ಮುಳ್ಳಿನ ಪಟ್ಟಿ ಸಿಗುತ್ತೆ, ಮರೀಬೇಡ. ಈ ವಯಸ್ಸಲ್ಲಿ ಸೊಂಟ ಮುರಿದ್ರೆ ಮುಗೀತು. ವಿಸಿಟರ್ ಇನ್ಶೂರೆನ್ಸ್ ಮಾಡ್ಸಿದ್ದೀಯಾ?

ಫ್ಲಾಸ್ಕಲ್ಲಿ ಮೆಣಸಿನ ಸಾರು ತಗೊಂಡು ಹೋಗು. ಕಾಫಿ ಬೇಡ, ಕಾಫಿ ಕುಡಿದ್ರೆ ಹತ್ತು ನಿಮಿಷಕ್ಕೊಂದ್ಸಲ ಬಾತ್‌ರೂಮ್ ಹುಡುಕ್ಬೇಕಾಗುತ್ತೆ.

---

ಹುಬ್ಬಳ್ಳಿ ಗಿರಮಿಟ್ (ಸೇಂಟ್ ಪಾಲ್, ಮಿನೆಸೋಟಾ) · ಜನವರಿ 28

ಮೈನಸ್ 18ಕ್ಕ ಇಷ್ಟ್ ಚರ್ಚಾ ಏನ್ರೀ? ನಮ್ಮಲ್ಲೆ ಅದಕ್ಕ ಮಂದಿ ಜಾಕೆಟ್ ಗುಂಡಿ ಬಿಚ್ಚಿಕೊಂಡು ಅಡ್ಡಾಡ್ತಾರ.

ಚಳಿಗಾಲದ ಜಾತ್ರಿ ಅಂದ್ರ ನಮ್ಮೂರಿಂದು ಹಳೇದು, 1886ರಿಂದ ಐತಿ. ಹುಟ್ಟಿದ್ದ ಒಂದು ಸಿಟ್ಟಿನಾಗ. ಅದರ ಹಿಂದಿನ ವರ್ಷ ನ್ಯೂಯಾರ್ಕಿನ ಪತ್ರಕರ್ತನೊಬ್ಬ ಬಂದು ಹೋಗಿ, ಸೇಂಟ್ ಪಾಲ್ ಅಂದ್ರ ಇನ್ನೊಂದು ಸೈಬೀರಿಯಾ, ಮನಷ್ಯಾರು ಇರೂ ಜಾಗಾ ಅಲ್ಲ ಅಂತ ಬರದ. ಊರ ಮಂದಿಗೆ ಉರೀತು. ಇರೂ ಜಾಗಾ ಅಲ್ಲೇನು, ನಿಂದ್ರು ತೋರಸ್ತೀವಿ ಅಂತ ಐಸಿನ ಅರಮನಿ ಕಟ್ಟಿ ಕಾರ್ನಿವಲ್ ಮಾಡೇಬಿಟ್ರು. ನನಗ ಈ ಊರ ಸೇರಿದ್ದ ಈ ಕಥಿಯಿಂದ.

ಇವರ ಕಾರ್ನಿವಲ್ಲಿಗೆ ಒಂದು ಪುರಾಣನೂ ಐತಿ. ಬೋರಿಯಾಸ್ ಅಂತ ಚಳಿಯ ರಾಜಾ. ಅವನ ವೈರಿ ವಲ್ಕನಸ್ ರೆಕ್ಸ್, ಬೆಂಕಿ ರಾಜಾ. ಹತ್ತು ದಿನ ಬೋರಿಯಾಸನ ದರ್ಬಾರು ನಡೀತದ, ಕಡೀಗೆ ಕೆಂಪು ಅರಿವಿ ಹಾಕ್ಕೊಂಡ ವಲ್ಕನ್ ಪಡೆ ಬಂದು ಅವನ್ನ ಗಾದಿಯಿಂದ ಇಳಸ್ತದ. ಅಲ್ಲಿಗೆ ಚಳಿ ಸೋತು ವಸಂತ ಬಂತು ಅಂತ ಲೆಕ್ಕ. ಖರೇ ಅಂದ್ರ ಚಳಿ ಅದಾದಮ್ಯಾಲೂ ಎರಡು ತಿಂಗಳು ಕೂತಿರ್ತದ, ಆ ಮಾತು ಬ್ಯಾರೆ. ಈ ವಲ್ಕನ್ ಮಂದಿ ಹಳೇ ಅಗ್ನಿಶಾಮಕ ಗಾಡಿ ಮ್ಯಾಲೆ ಊರೆಲ್ಲಾ ಸುತ್ತಿ, ಕೇಳಿದವರ ಗಲ್ಲದ ಮ್ಯಾಲೆ ಕಪ್ಪು ಮಸಿಯಿಂದ ವಿ ಅಂತ ಗೀಚ್ತಾರ. ಮೊದಲನೇ ಸಲ ನೋಡಿದಾಗ ನನಗ ನಮ್ಮ ಕಾಮದಹನದ ಮರುದಿನ ನೆನಪಾತು. ಹಲಗಿ ಒಂದು ಇರ್ಲಿಲ್ಲ ನೋಡ್ರಿ, ಇಲ್ಲಾಂದ್ರ ಬಾಗಲಕೋಟಿನ.

ಇನ್ನ ನಿಧಿ ಹುಡುಕಾಟ. ಇಲ್ಲಿ ಪಯೋನಿಯರ್ ಪ್ರೆಸ್ ಅಂತ ಪತ್ರಿಕಾ ಐತಿ. ಅವರು 1952ರಿಂದ ಒಂದು ಪದಕಾ ಯಾವುದರ ಪಾರ್ಕಿನಾಗ ಹುಗದು, ದಿನಕ್ಕೊಂದು ಒಗಟಿನ ಪದ್ಯಾ ಛಾಪಸ್ತಾರ. ಸಿಕ್ಕವರಿಗೆ 10,000 ಡಾಲರ್ ತನಕ ಬಹುಮಾನ. ಒಂದು ವರ್ಷ ನಾನೂ ನಮ್ಮ ಆಫೀಸಿನ ಇಬ್ಬರೂ ಸಲಿಕಿ ತಗೊಂಡು ಎರಡು ರಾತ್ರಿ ಒಂದು ಪಾರ್ಕ್ ಪೂರ್ತಿ ಅಗದ್ವಿ. ತಲಿಗೆ ಕಟ್ಟಿದ ದೀಪಾ, ಮೀಸಿ ಮ್ಯಾಲೆ ಐಸು. ಸಿಕ್ಕಿದ್ದು ಏನಂದ್ರ ಎಡಗೈದ ಕೈಗವಸು ಒಂದು, ಅದೂ ಹರದಿದ್ದು. ಪದಕಾ ಮತ್ತೊಂದು ಪಾರ್ಕಿನಾಗ ಇತ್ತು. ಆದ್ರ ಆ ಎರಡು ರಾತ್ರಿ ಆ ಕತ್ತಲದಾಗ ನೂರಾರು ಮಂದಿ ಅಗಿಯಾಕ ಹತ್ತಿದ್ರು, ಗುರ್ತಿಲ್ಲದವರು ಚಹಾ ಕೊಟ್ರು. "ಜನ ಎಲ್ಲೆದಾರ" ಅಂತ ನಿಮ್ಮ ಅಪ್ಪಾರು ಕೇಳ್ಯಾರಲ್ಲ, ಇಲ್ಲಿ ಅದಾರ ನೋಡ್ರಿ.

---

ಬೇಸರಿಗ (ಟೊರಾಂಟೊ) · ಜನವರಿ 28

ಎಲ್ಲರೂ ಇಷ್ಟು ಹೊಗಳ್ತಿದ್ದೀರ, ಒಬ್ಬನಾದ್ರೂ ಉಲ್ಟಾ ಹೇಳಬೇಕಲ್ಲ. ಇವೆಲ್ಲ ಹೋಟೆಲಿನವರು, ಪ್ರವಾಸೋದ್ಯಮ ಇಲಾಖೆಯವರು ಸೇರಿ ಮಾಡಿದ ಹಬ್ಬಗಳು. ಫೆಬ್ರವರಿಯಲ್ಲಿ ರೂಮು ಖಾಲಿ ಇರುತ್ತೆ, ತುಂಬಿಸಬೇಕು, ಅಷ್ಟೆ. ದೇವರಿಲ್ಲ, ಹರಕೆ ಇಲ್ಲ, ಊರಿಗೆ ಸಂಬಂಧವಿಲ್ಲ. ನಾನು ಹೋದ ಒಂದು ಚಳಿಗಾಲದ ಮೇಳದಲ್ಲಿ (ಹೆಸರು ಬೇಡ) ಪಾರ್ಕಿಂಗಿಗೆ 30 ಡಾಲರ್, ಬಿಸಿ ಚಾಕೊಲೇಟಿಗೆ ನಲವತ್ತು ನಿಮಿಷ ಕ್ಯೂ. ಐಸ್ ಶಿಲ್ಪ ಅಂತ ನೋಡೋಕೆ ಹೋದ್ರೆ ಅದರೊಳಗೆ ಯಾವುದೋ ಕಂಪನಿ ಲೋಗೊ. ಇದನ್ನ ಜಾತ್ರೆ ಅಂತ ಕರೀಬೇಡಿ ದಯವಿಟ್ಟು.

---

ಕುಡ್ಲದ ಬಂಗುಡೆ (ಮಾಂಟ್ರಿಯಲ್) · ಜನವರಿ 28

ಬೇಸರಿಗರೇ, ನಿಮ್ಮ ಊರಿನ ಜಾತ್ರೆಯಲ್ಲಿ ವ್ಯಾಪಾರ ಇರ್ಲಿಲ್ವಾ? ಪುತ್ತೂರು ಜಾತ್ರೆಗೆ ನಾವು ಸಣ್ಣದಿರುವಾಗ ಹೋಗುದು ದೇವರು ನೋಡ್ಲಿಕ್ಕೆ ಅಂತ ಮನೆಯಲ್ಲಿ ಹೇಳುದು, ನಿಜವಾಗಿ ಹೋಗುದು ಸಂತೆಗೆ. ಐಸ್‌ಕ್ಯಾಂಡಿ, ಬಳೆ, ಚರುಂಬುರಿ. ಊರಿನವರು ದುಡಿಯುದು ತಪ್ಪಾ? ಕ್ವಿಬೆಕ್ ಕಾರ್ನಿವಲನ್ನು 1955ರಲ್ಲಿ ಪುನಃ ಎಬ್ಬಿಸಿದ್ದೂ ವ್ಯಾಪಾರಸ್ಥರೇ, ಚಳಿಗಾಲದಲ್ಲಿ ಊರಲ್ಲಿ ದುಡ್ಡು ಓಡಾಡ್ಲಿ ಅಂತ. ಅದನ್ನು ಯಾರೂ ಅಡಗಿಸಿ ಇಟ್ಟದ್ದಲ್ಲ. 1894ರಲ್ಲಿಯೂ ಒಂದು ದೊಡ್ಡ ಕಾರ್ನಿವಲ್ ಆಗಿತ್ತು, ಮತ್ತೆ ಮಧ್ಯೆ ಮಧ್ಯೆ ನಿಂತು ಹೋಗಿತ್ತು.

ಊರಿಗೆ ಸಂಬಂಧ ಇಲ್ಲ ಅಂದ್ರಲ್ಲ, ಅಲ್ಲಿಯ ಐಸ್ ದೋಣಿ ಸ್ಪರ್ಧೆ ಒಮ್ಮೆ ನೋಡಿ ಮಾರಾಯ್ರೆ. ಸೇಂಟ್ ಲಾರೆನ್ಸ್ ನದಿ ಅಲ್ಲಿ ಪೂರ್ತಿ ಗಟ್ಟಿಯಾಗುದಿಲ್ಲ. ಮನೆಯಷ್ಟು ದೊಡ್ಡ ಐಸ್ ತುಂಡುಗಳು ತೇಲಿಕೊಂಡು ಹೋಗ್ತಾ ಇರ್ತವೆ, ಸಮುದ್ರದ ಏರಿಳಿತಕ್ಕೆ ಒಮ್ಮೆ ಆಚೆ, ಒಮ್ಮೆ ಈಚೆ. ಐದು ಜನ ಒಂದು ದೋಣಿ ಹಿಡ್ಕೊಂಡು, ನೀರು ಸಿಕ್ಕಿದಲ್ಲಿ ಹುಟ್ಟು ಹಾಕುದು, ಐಸ್ ಸಿಕ್ಕಿದಲ್ಲಿ ಒಂದು ಕಾಲು ದೋಣಿಯೊಳಗೆ ಇಟ್ಟು ಇನ್ನೊಂದು ಕಾಲಲ್ಲಿ ಐಸನ್ನು ಒದ್ದು ದೋಣಿ ದೂಡುದು. ಸೇತುವೆ ಇಲ್ಲದ ಕಾಲದಲ್ಲಿ ಎದುರು ದಡದ ಲೆವಿ ಊರಿನವರು, ನದಿಯ ದ್ವೀಪದವರು ಟಪಾಲು, ಸಾಮಾನು, ರೋಗಿಗಳನ್ನೆಲ್ಲ ದಾಟಿಸ್ತಾ ಇದ್ದದ್ದು ಹೀಗೇ. ಮಳೆಗಾಲದಲ್ಲಿ ನೇತ್ರಾವತಿಯಲ್ಲಿ ಕಡವು ದಾಟಿದವರಿಗೆ ಇದು ಎಂತದ್ದು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ನಾನು ದಡದಲ್ಲಿ ನಿಂತಿದ್ದೆ. ಒಬ್ಬ ಮೊಣಕಾಲಿನವರೆಗೆ ನೀರಿಗೆ ಬಿದ್ದ. ಹತ್ತಿರದಲ್ಲಿದ್ದ ಅಜ್ಜಿ ನಗಾಡ್ಲಿಲ್ಲ, ಅವಳ ಕೈ ಎದೆ ಮೇಲೆ ಹೋಯ್ತು.

ಹುಬ್ಬಳ್ಳಿಯವರಿಗೆ ಒಂದು ಸಣ್ಣ ಕುಟುಕು: ನಿಮ್ಮ 1886ರ ಐಸ್ ಅರಮನೆ ಕಟ್ಟಿದ್ದು ನಮ್ಮ ಮಾಂಟ್ರಿಯಲಿನವರು. ಇಲ್ಲಿ 1883ರಿಂದಲೇ ಚಳಿಗಾಲದ ಕಾರ್ನಿವಲ್ ಇತ್ತು. 1885ರಲ್ಲಿ ಊರಲ್ಲಿ ಸಿಡುಬು ಹರಡಿ ಮುಂದಿನ ಕಾರ್ನಿವಲ್ ರದ್ದಾಯ್ತು, ಕೆಲಸ ಇಲ್ಲದ ಕಟ್ಟುವವರು ನಿಮ್ಮಲ್ಲಿಗೆ ಬಂದ್ರು.

ಮಂಡ್ಯದವರಿಗೆ: ತಂದೆಯನ್ನು ಕ್ವಿಬೆಕ್ಕಿಗೆ ಕರ್ಕೊಂಡು ಬರುದಾದ್ರೆ ಬೊನೊಮ್ ತೋರಿಸಿ. ಬಿಳಿ ಹಿಮಮನುಷ್ಯ, ಕೆಂಪು ಟೋಪಿ, ಸೊಂಟಕ್ಕೆ ನೇಯ್ದ ಪಟ್ಟಿ, ಅವನೇ ಅಲ್ಲಿಯ ರಾಜ. ಕಾರಿಬು ಅಂತ ಬಿಸಿಬಿಸಿ ಪಾನೀಯ ಯಾರಾದ್ರೂ ಕೊಟ್ರೆ ಕಷಾಯ ಅಂತ ಕುಡಿಯಬೇಡಿ. ಅದು ರೆಡ್ ವೈನು, ವಿಸ್ಕಿ, ಮೇಪಲ್ ಪಾಕ ಸೇರಿಸಿ ಮಾಡಿದ್ದು. ಸಸ್ಯಾಹಾರಿಗಳಾದ್ರೆ ಪೂಟಿನ್ (ಕರಿದ ಆಲೂಗಡ್ಡೆ, ಚೀಸ್) ಮೇಲೆ ಹೊಯ್ಯುವ ಗ್ರೇವಿ ಮಾಂಸದ್ದಾ ಅಂತ ಕೇಳಿಯೇ ತಗೊಳ್ಳಿ, ಹೆಚ್ಚಾಗಿ ಮಾಂಸದ್ದೇ ಇರ್ತದೆ.

---

ಬೇಸರಿಗ · ಜನವರಿ 28

ಸರಿ, ದೋಣಿಯದ್ದು ಒಪ್ಪಿದೆ. ಪಾರ್ಕಿಂಗಿನದ್ದು ಒಪ್ಪಲ್ಲ.

---

ಹುಬ್ಬಳ್ಳಿ ಗಿರಮಿಟ್ · ಜನವರಿ 28

ಬಂಗುಡೆಯವರ, ಸಿಡುಬಿನ ವಿಷಯ ಗೊತ್ತಿತ್ತು, ಹೇಳಬಾರದು ಅಂತ ಸುಮ್ಮನಿದ್ದೆ 😀

ದೇವರಿಲ್ಲ ಹರಕಿ ಇಲ್ಲ ಅಂದವರಿಗೆ ಒಂದು. ಫೆಬ್ರವರಿ 2ಕ್ಕ ಪೆನ್ಸಿಲ್ವೇನಿಯಾದ ಪಂಕ್ಸುಟಾನಿ ಅನ್ನೂ ಊರಿಗೆ ಹೋಗ್ರಿ. ಅಲ್ಲೆ 1887ರಿಂದ ನಸುಕಿನಾಗ ಸಾವಿರಾರು ಮಂದಿ ಗುಡ್ಡದ ಮ್ಯಾಲೆ ಕೂಡ್ತಾರ. ಉದ್ದ ಟೋಪಿ, ಕರೀ ಕೋಟಿನ ಹಿರ್ಯಾರು ಗ್ರೌಂಡ್‌ಹಾಗ್ ಅನ್ನೂ ಒಂದು ದಂಶಕ (ಇಲಿ, ಅಳಿಲಿನ ಜಾತಿ) ಪ್ರಾಣಿನ ಹೊರಗ ತಗೀತಾರ. ಅದು ತನ್ನ ನೆರಳು ಕಂಡ್ರ ಇನ್ನ ಆರು ವಾರ ಚಳಿ, ಕಾಣಲಿಲ್ಲಂದ್ರ ವಸಂತ ಲಗೂನ ಬರ್ತದ. ನನಗಂತೂ ಮೈಲಾರ ನೆನಪಾತು. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದ್ಕೂಡ್ಲೆ ಲಕ್ಷ ಮಂದಿ ಹೆಂಗ ಗಪ್ ಆಗ್ತದ, ಒಂದ ಸಾಲು ಕಾರಣಿಕ ಕೇಳಿ ಆ ವರ್ಷದ ಮಳಿ ಬೆಳಿ ಹೆಂಗ ಲೆಕ್ಕಾ ಹಾಕ್ತದ! ಅದೂ ಹೆಚ್ಚಾಗಿ ಇದ ಫೆಬ್ರವರಿಯಾಗ. ಫರಕು ಇಷ್ಟ: ನಮ್ಮ ಗೊರವಯ್ಯ ಉಪವಾಸ ಇರ್ತಾನ, ಇವರ ಪ್ರಾಣಿ ಉಂಡು ನಿದ್ದಿ ಮಾಡಿರ್ತದ. ಒಂಟಾರಿಯೊದಾಗನೂ ವಾಯರ್ಟನ್ ವಿಲ್ಲಿ ಅಂತ ಇದರ ಬೀಗ ಒಬ್ಬ ಅದಾನ.

---

ಪೊಟೊಮ್ಯಾಕ್ ಪಕ್ಕ (ಮೇರಿಲ್ಯಾಂಡ್) · ಜನವರಿ 29

ಅಪ್ಪ ಅಮ್ಮ ಏಪ್ರಿಲ್‌ವರೆಗೆ ಇರೋದಾದ್ರೆ, ಅಮೆರಿಕದ ವೀಸಾನೂ ಇದ್ರೆ, ವಾಷಿಂಗ್ಟನ್ ಚೆರ್ರಿ ಹೂವಿಗೆ ಬನ್ನಿ. 1912ರಲ್ಲಿ ಟೋಕಿಯೊದಿಂದ 3,020 ಗಿಡ ಬಂದವು. ಅದಕ್ಕೂ ಎರಡು ವರ್ಷ ಮೊದಲು ಬಂದಿದ್ದ 2,000 ಗಿಡಗಳಿಗೆ ಹುಳ ಹಿಡಿದಿತ್ತು ಅಂತ ಸುಟ್ಟುಹಾಕಿದ್ರು, ಪಾಪ. ಆದರೆ ಟಿಕೆಟ್ ಬುಕ್ ಮಾಡೋ ಮೊದಲು ನನ್ನ ಮಾತು ಕೇಳಿ. ಹಬ್ಬದ ತಾರೀಖು ಮನುಷ್ಯರು ಹಾಕೋದು, ಹೂವಿನ ತಾರೀಖು ಹೂವಿಂದು. ಟೈಡಲ್ ಬೇಸಿನ್ ಅನ್ನೋ ಕೊಳದ ಸುತ್ತಲಿನ ಯೊಶಿನೊ ಜಾತಿಯ ಚೆರ್ರಿ ಗಿಡಗಳಲ್ಲಿ ನೂರಕ್ಕೆ 70 ಹೂವು ಅರಳಿದ ದಿನವನ್ನ ತುಂಬು ಅರಳು ಅಂತ ಲೆಕ್ಕ ಹಿಡೀತಾರೆ. 2024ರಲ್ಲಿ ಅದು ಮಾರ್ಚ್ 17ಕ್ಕೇ ಆಗಿಹೋಯ್ತು. ನಮ್ಮ ಅತ್ತೆ ಮಾವ ಏಪ್ರಿಲ್ ಮೊದಲ ವಾರ ಬಂದಿದ್ರು. ಬರೀ ಚಿಗುರೆಲೆ ನೋಡಿ, "ಮಾವಿನ ತೋಪಿನ ಥರಾನೇ ಇದೆ" ಅಂದು ವಾಪಸ್ ಹೋದ್ರು.

---

ಕೆಂಪು ಮಣ್ಣು (ಆಲ್ಬುಕರ್ಕಿ, ನ್ಯೂ ಮೆಕ್ಸಿಕೊ) · ಜನವರಿ 29

ಚಳೀನೇ ಯಾಕೆ? ಅಕ್ಟೋಬರಲ್ಲಿ ನಮ್ಮೂರ ಬಲೂನ್ ಜಾತ್ರೆಗೆ ಬನ್ನಿ. 1972ರಲ್ಲಿ ಒಂದು ಮಾಲ್‌ನ ಪಾರ್ಕಿಂಗ್ ಜಾಗದಲ್ಲಿ 13 ಬಲೂನುಗಳಿಂದ ಶುರುವಾಗಿದ್ದು, ಈಗ ಐನೂರು ದಾಟುತ್ತೆ. ಇಲ್ಲೇ ಯಾಕೆ ಅಂದ್ರೆ ಇಲ್ಲಿಯ ಗಾಳಿ. ಬೆಳಗಿನ ಜಾವ ಕೆಳಗಡೆ ಗಾಳಿ ದಕ್ಷಿಣಕ್ಕೆ ಬೀಸಿದ್ರೆ ಸ್ವಲ್ಪ ಮೇಲೆ ಉತ್ತರಕ್ಕೆ ಬೀಸುತ್ತೆ. ಬಲೂನಿನವನು ಏರ್ತಾ ಇಳೀತಾ ಒಂದು ಸುತ್ತು ಹಾಕಿ ಹೊರಟ ಜಾಗದ ಹತ್ರಾನೇ ಬಂದು ಇಳೀಬಹುದು. ಜನ ಬಲೂನುಗಳ ನಡುವೆಯೇ ಓಡಾಡ್ತಾರೆ, ಹಗ್ಗ ಕಟ್ಟಿ ದೂರ ನಿಲ್ಲಿಸಲ್ಲ. ಕಪ್ಪು ಬಿಳಿ ಪಟ್ಟೆ ಅಂಗಿ ಹಾಕಿದವರು ಸೀಟಿ ಊದಿ ಒಂದೊಂದನ್ನೇ ಬಿಡ್ತಾರೆ, ಅವರನ್ನ ಝೀಬ್ರಾ ಅಂತಾನೇ ಕರೆಯೋದು. ಉರಿ ಬಿಟ್ಟಾಗ ನಿಮ್ಮ ಮುಖಕ್ಕೆ ಸೌದೆ ಒಲೆ ಮುಂದೆ ಕೂತ ಹಾಗೆ ಝಳ ಹೊಡೆಯುತ್ತೆ. ಸೂರ್ಯ ಹುಟ್ಟೋ ಮೊದಲು ಹೋಗಬೇಕು, ಅದೊಂದೇ ಕಷ್ಟ.

---

ಮಂಡ್ಯದ ಕಬ್ಬು · ಜನವರಿ 30

ಎಲ್ಲರಿಗೂ ಥ್ಯಾಂಕ್ಸ್. ಅಪ್ಪಂಗೆ ನಾಲೆ ವಿಷಯ ಹೇಳಿದೆ. ಮೊದಲು ನಂಬಲಿಲ್ಲ. "ನಾಲೇಲಿ ನೀರ್ ಬಿಟ್ಟು ಜನ ಇಳೀರಿ ಅಂತಾರಾ? ಎಕ್ಸಿಕ್ಯುಟಿವ್ ಎಂಜಿನಿಯರ್ ಯಾರ್ಲಾ ಇಲ್ಲಿ?" ಅಂದ್ರು. ಶನಿವಾರ ಹಸಿರು ಬಾವುಟ ಇದ್ರೆ ಹೋಗ್ತೀವಿ. ಅಜ್ಜಿಮನೆ ಆಂಟಿ, ಇನ್ಶೂರೆನ್ಸ್ ಮಾಡ್ಸಿದ್ದೀನಿ.

---

ಮಂಡ್ಯದ ಕಬ್ಬು · ಫೆಬ್ರವರಿ 2

ಹೋಗಿ ಬಂದ್ವಿ. ಹಸಿರು ಬಾವುಟ. ಮೈನಸ್ 14, ಬಿಸಿಲಿತ್ತು.

ಮೆಟ್ಟಿಲು ಇಳಿದು ಐಸ್ ಅಂಚಿಗೆ ಬಂದಾಗ ಅಪ್ಪ ನಿಂತೇಬಿಟ್ರು. ಎದುರಿಗೆ ಸಾವಿರಾರು ಜನ. ತಳ್ಳುಗಾಡಿಯಲ್ಲಿ ಮಕ್ಕಳು, ಹಾಕಿ ಕೋಲು ಹಿಡಿದ ಹುಡುಗರು, ಅಪ್ಪನಿಗಿಂತ ವಯಸ್ಸಾದ ಒಬ್ಬ ಅಜ್ಜ ಕೈ ಹಿಂದೆ ಕಟ್ಕೊಂಡು ತೇಲಿಕೊಂಡು ಹೋದ ಹಾಗೆ ಹೋದ್ರು. ಅಪ್ಪ ಕುಕ್ಕರುಗಾಲಲ್ಲಿ ಕೂತು, ಕೈಗವಸು ತೆಗೆದು, ಬೆರಳ ಗೆಣ್ಣಿಂದ ಐಸನ್ನ ಎರಡು ಸಲ ತಟ್ಟಿದ್ರು. ಕಲ್ಲಂಗಡಿ ಹಣ್ಣಾಗಿದೆಯಾ ಅಂತ ನೋಡ್ತಾರಲ್ಲ, ಹಾಗೆ. ಆಮೇಲೆ ಕಾಲಿಟ್ರು.

ಹತ್ತು ಹೆಜ್ಜೆ ಹೋಗಿರಬಹುದು, ಕೆಳಗೆಲ್ಲೋ "ಢಮ್" ಅಂತ ಸದ್ದು. ನಾನು ಹಾರಿಬಿದ್ದೆ. ಚಳಿಗೆ ಐಸ್ ಬಿಗಿಯುವಾಗ ಹಾಗೆ ಸದ್ದು ಬರುತ್ತಂತೆ. ಅಪ್ಪ ಅಲ್ಲಾಡಲಿಲ್ಲ. ದಂಡೆ ನೋಡ್ತಿದ್ರು. ಬೆಡ್ ಲೆವೆಲ್ ಎಷ್ಟು, ನೀರು ಎಲ್ಲಿ ತಡೀತಾರೆ, ಬೇಸಿಗೆಗೆ ಯಾವಾಗ ತುಂಬಿಸ್ತಾರೆ, ಒಂದರ ಹಿಂದೆ ಒಂದು ಪ್ರಶ್ನೆ. ನನಗೆ ಒಂದಕ್ಕೂ ಉತ್ತರ ಗೊತ್ತಿಲ್ಲ. ಅಷ್ಟರಲ್ಲಿ ಒಬ್ಬ ಕೆಲಸದವನು ಬಿರುಕಿಗೆ ಸ್ನೋ ಮತ್ತೆ ನೀರು ಕಲಸಿ ಸಲಿಕೆಯಲ್ಲಿ ಮೆತ್ತುತ್ತಾ ಇದ್ದ. ಅಪ್ಪ ಅವನ ಹತ್ರ ಹೋಗಿ ನಿಂತ್ರು, ನಾನು ಅನುವಾದಕ. ಎಷ್ಟು ದಪ್ಪ ಅಂತ ಕೇಳು ಅಂದ್ರು. ಅವನು ತನ್ನ ಮೊಣಕೈ ತೋರಿಸಿ, ಬೆರಳ ತುದಿವರೆಗೆ ಹತ್ತತ್ರ ಇಷ್ಟು ಅಂದ. ಅಪ್ಪ ತಲೆಯಾಡಿಸಿದ್ರು: "ಏರಿ ಬಿರುಕ್ ಬುಟ್ರೆ ನಾವು ಜೇಡಿಮಣ್ಣು ಮೆತ್ತುತಿರ್ನಿಲ್ವಾ, ಅದೇಯ." ಇದನ್ನ ಇಂಗ್ಲಿಷಲ್ಲಿ ಹೇಳಿದ್ದಕ್ಕೆ ಅವನು ಸಲಿಕೆ ಅಪ್ಪನ ಕೈಗೆ ಕೊಟ್ಟೇಬಿಟ್ಟ. 67 ವರ್ಷದ ಮಂಡ್ಯದ ಮನುಷ್ಯ ಮಂಕಿ ಟೋಪಿ ಹಾಕ್ಕೊಂಡು ಕೆನಡಾ ರಾಜಧಾನಿಯ ನಾಲೆಗೆ ಮೂರು ಸಲಿಕೆ ತೇಪೆ ಹಾಕಿದ್ರು. ಫೋಟೊ ತೆಗೆಯೋಕೆ ಹೋದ್ರೆ ಚಳಿಗೆ ನನ್ನ ಫೋನು ಸತ್ತುಹೋಗಿತ್ತು.

ಆಮೇಲಿನದು ನನ್ನ ಮಾನ ಹೋದ ಭಾಗ. ನಾನು ಸ್ಕೇಟ್ಸ್ ಬಾಡಿಗೆ ತಗೊಂಡೆ, ಅಪ್ಪ ಕೂರಲಿ ಅಂತ ಸ್ಲೆಡ್ಜೂ ತಗೊಂಡೆ. "ಅದ್ರಲ್ಲಿ ನಾನ್ ಕೂರಲ್ಲ, ಹೆಣ ಸಾಗಿಸ್ದಂಗೆ ಕಾಣ್ತದೆ" ಅಂದ್ರು. ನಾನು ಮೂರು ಸಲ ಬಿದ್ದೆ. ಮೂರನೇ ಸಲ ಬಿದ್ದಾಗ ಎದ್ದು ನಿಲ್ಲೋಕೆ ಆಗದೆ ಸ್ಲೆಡ್ಜಿನಲ್ಲೇ ಕೂತೆ. ಅಪ್ಪ ಮುಳ್ಳಿನ ಪಟ್ಟಿ ಬೂಟಲ್ಲಿ, ಏರಿ ಮೇಲೆ ನಡೆಯೋ ಅದೇ ಗತಿಯಲ್ಲಿ, ನನ್ನನ್ನ ತಳ್ಳಿಕೊಂಡು ಒಂದು ಕಿಲೋಮೀಟರ್ ಹೋದ್ರು. ದಾರಿ ಉದ್ದಕ್ಕೂ ಜನ ಅವರಿಗೆ ಕೈ ಬೀಸಿದ್ರು. ಅವರೂ ಬೀಸಿದ್ರು.

ಬೀವರ್‌ಟೇಲ್ ತಿಂದ್ವಿ. ಉದ್ದಕ್ಕೆ ಎಳೆದು ಎಣ್ಣೆಯಲ್ಲಿ ಕರಿದ ಹಿಟ್ಟು, ಮೇಲೆ ಸಕ್ಕರೆ, ಚಕ್ಕೆ ಪುಡಿ, ನಿಂಬೆ ರಸ. ಅಪ್ಪನ ತೀರ್ಪು: "ಭಟೂರೆಗೆ ವಿಭೂತಿ ಹಚ್ಚವ್ರೆ." ಆದ್ರೆ ನನ್ನ ಅರ್ಧವೂ ಅವರೇ ತಿಂದ್ರು. ಮೆಣಸಿನ ಸಾರು ವಾಪಸ್ ಬಂತು, ಕ್ಷಮಿಸಿ ಆಂಟಿ.

ರಾತ್ರಿ ಊರಿಗೆ ಫೋನು. ಅವರ ಜೊತೆ ಕೆಲಸ ಮಾಡಿದ ಹಳೇ ಸ್ನೇಹಿತರು ಆ ಕಡೆ. ಅಪ್ಪ ಜೋರಾಗಿ: "ನಾಲೆ ಒಳೀಕೆ ಇಳ್ದು ಒಂದ್ ಮೈಲಿ ನಡ್ಕಂಡ್ ಬಂದೆ ಕನೋ. ನೀರ್ ಬುಟ್ಟವ್ರೆ. ಕಾಲ್ ಮಾತ್ರ ನೆನೀನಿಲ್ಲ!" ಆ ಕಡೆಯಿಂದ ಏನು ಬಂತೋ ಗೊತ್ತಿಲ್ಲ, ಅಪ್ಪ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಮಗು ಎದ್ದುಬಿಡ್ತು, ಅಮ್ಮ ಬೈದ್ರು.

---

ಅಜ್ಜಿಮನೆ · ಫೆಬ್ರವರಿ 2

ಸಾರು ವಾಪಸ್ ತಂದಿದ್ದು ಬಿಟ್ರೆ ಎಲ್ಲ ಸರಿ ಮಾಡಿದ್ದೀಯ.

---

ಬೇಸರಿಗ · ಫೆಬ್ರವರಿ 2

ಕಾರು ಎಲ್ಲಿ ನಿಲ್ಲಿಸಿದ್ರಿ? ಎಷ್ಟಾಯ್ತು?

---

ಕುಡ್ಲದ ಬಂಗುಡೆ · ಫೆಬ್ರವರಿ 3

ತಂದೆ ಮಂಡ್ಯದವರು ಅಂದ ಮೇಲೆ ಮಾರ್ಚಿನಲ್ಲಿ ಅವರಿಗೆ ಇನ್ನೊಂದು ತೋರಿಸ್ಲಿಕ್ಕುಂಟು: ಮೇಪಲ್ ಆಲೆಮನೆ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಸ್ವಲ್ಪ ಬಿಸಿಲು, ಅಂಥ ದಿನಗಳಲ್ಲಿ ಮರದಿಂದ ರಸ ಇಳೀತದೆ. ನೀರಿನ ಹಾಗೇ ಇರ್ತದೆ, ಸಿಹಿ ಉಂಟೋ ಇಲ್ಲವೋ ಅಂತ ಸಂಶಯ ಬರುವಷ್ಟು. 40 ಲೀಟರ್ ಕಾಯಿಸಿದ್ರೆ ಒಂದು ಲೀಟರ್ ಪಾಕ. ಒಲೆ, ಹಬೆ, ನೊರೆ, ಸಟ್ಟುಗದಿಂದ ಎತ್ತಿ ಎಳೆ ನೋಡುದು, ಎಲ್ಲ ಅವರಿಗೆ ಗುರ್ತ ಸಿಗ್ತದೆ. ಬಿಸಿ ಪಾಕವನ್ನು ಶುದ್ಧ ಸ್ನೋ ಮೇಲೆ ಗೆರೆ ಎಳೆದ ಹಾಗೆ ಹೊಯ್ದು, ಗಟ್ಟಿಯಾಗುವ ಮೊದಲು ಕಡ್ಡಿಗೆ ಸುತ್ತಿ ಬಾಯಿಗೆ ಹಾಕುದು. ವಸಂತದಲ್ಲಿ ಇಲ್ಲಿಯವರು ಕುಟುಂಬ ಸಮೇತ ಇದಕ್ಕೇ ಹೋಗುದು. ನಿಮಗೆ ಕ್ವಿಬೆಕ್ಕಿನವರೆಗೆ ಬರುದೂ ಬೇಡ, ನಿಮ್ಮ ಪಕ್ಕದ ಲ್ಯಾನಾರ್ಕ್ ಕೌಂಟಿಯಲ್ಲೇ ಬೇಕಾದಷ್ಟುಂಟು.

---

ಮಂಡ್ಯದ ಕಬ್ಬು · ಫೆಬ್ರವರಿ 6

ಬೇಸರಿಗರೇ, ಬಸ್ಸಲ್ಲಿ ಹೋಗಿದ್ವಿ.

ಈಗ ಹೊಸ ತಲೆನೋವು. ಅಪ್ಪ ದಿನಾ ಬೆಳಗ್ಗೆ 5ಕ್ಕೆ ಎದ್ದು ನನ್ನ ಬಾಗಿಲು ತಟ್ಟಿ "ಬಾವುಟ ಯಾವ್ದು ನೋಡ್ಲಾ" ಅಂತಾರೆ. ನೆನ್ನೆಯಿಂದ ಪ್ಲಸ್ 3, ಕೆಂಪು ಬಾವುಟ. ಅಪ್ಪ ಸಿಟ್ಟಾಗಿದ್ದಾರೆ, ನಿರ್ವಹಣೆ ಸರಿಯಿಲ್ಲ ಅಂತ. ಆಲೆಮನೆ ವಿಷಯ ಹೇಳಿದೆ. 40ಕ್ಕೆ ಒಂದು ಅಂದಿದ್ದನ್ನ ಒಪ್ಪಲಿಲ್ಲ, ಅಷ್ಟು ಸೌದೆ ಸುಟ್ಟರೆ ಗಿಟ್ಟಲ್ಲ ಅಂತ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕ್ತಿದ್ದಾರೆ. ಲ್ಯಾನಾರ್ಕ್ ಕಡೆ ಹೋಗಿ ಬಂದವರು ಯಾರಾದ್ರೂ ಇದ್ರೆ ದಾರಿ ಹೇಳಿ. ಸೌದೆ ಒಲೆ ಇರೋ ಜಾಗಾನೇ ಆಗಬೇಕಂತೆ, ಗ್ಯಾಸಿಂದು ಬೇಡವಂತೆ.